ಪುನರುಜ್ಜೀವಿತ ಹಳೆಯ ಪಿಕಪ್ ವಾಹನಗಳ ಮೌಲ್ಯ (ಕಲಬುರಗಿ ಜಿಲ್ಲೆ)

ಹದಿನೈದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದುಡಿದು, ಬಳಿಕ ಇಂಜಿನ್, ಚಾಸಿ ಮತ್ತು ಬಾಡಿಯ ದುರಸ್ತಿ ಕಂಡು ಮತ್ತೆ ರಸ್ತೆಗಿಳಿದ ಸಣ್ಣ ಸರಕು ವಾಹನಗಳನ್ನು ಪುನರುಜ್ಜೀವಿತ ಪಿಕಪ್ ವಾಹನಗಳೆಂದು ಕರೆಯಬಹುದು. ಇಂತಹ ವಾಹನಕ್ಕೆ ಸಲ್ಲಬೇಕಾದ ಬೆಲೆ ಎಷ್ಟು ಎಂಬುದು ಕೊಳ್ಳುವವನಿಗೂ ಮಾರುವವನಿಗೂ ಸದಾ ತೊಡಕಿನ ಪ್ರಶ್ನೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪ್ರದೇಶಗಳಲ್ಲಿ ಪಿಕಪ್ ಹವ್ಯಾಸದ ವಸ್ತುವಲ್ಲ, ದುಡಿಮೆಯ ಸಾಧನ. ಆದ್ದರಿಂದ ಇಲ್ಲಿ ಅದರ ಮೌಲ್ಯವನ್ನು ನಿರ್ಧರಿಸುವುದು ಹೊಸ ಬಣ್ಣವಾಗಲಿ ದುರಸ್ತಿಗೆ ತಗುಲಿದ ಖರ್ಚಾಗಲಿ ಅಲ್ಲ. ಚಾಸಿಯ ಸ್ಥಿತಿ ಮತ್ತು ದಾಖಲೆಗಳ ಊರ್ಜಿತತೆ. ಈ ಎರಡರಲ್ಲಿ ಒಂದು ಕೆಟ್ಟಿದ್ದರೂ ಅಂದವಾಗಿ ಕಾಣುವ ವಾಹನವು ಗುಜರಿಯ ಬೆಲೆಗೆ ಇಳಿಯುತ್ತದೆ.

ಪ್ರದೇಶದ ಹಿನ್ನೆಲೆ

ಕಾಗಿಣಾ ನದಿಯ ಆಸುಪಾಸಿನ ಈ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲಿನ ವಿಸ್ತಾರವಾದ ಪದರಗಳಿವೆ. ವಾಡಿಯ ಎಸಿಸಿ, ಸೇಡಂನ ವಾಸವದತ್ತಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ರಾಜಶ್ರೀ ಸಿಮೆಂಟ್ ಕಾರ್ಖಾನೆಗಳು ಬೆಳೆದದ್ದು ಈ ಕಲ್ಲಿನಿಂದಲೇ. ಪದರ ಪದರವಾಗಿ ಸೀಳಿ ಬರುವ ಇದೇ ಕಲ್ಲು ನೆಲಹಾಸಿಗೆ ಬಳಕೆಯಾಗಿ ‘ಶಹಾಬಾದಿ ಫರಸಿ’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪರಿಚಿತವಾಗಿದೆ. ಸಿಮೆಂಟು ರೈಲಿನಲ್ಲಿ ಮತ್ತು ದೊಡ್ಡ ಲಾರಿಗಳಲ್ಲಿ ಹೋಗುತ್ತದೆ. ಕ್ವಾರಿಯಿಂದ ಪಾಲಿಶ್ ಕಾರ್ಖಾನೆಗೆ, ಅಲ್ಲಿಂದ ಕಟ್ಟುತ್ತಿರುವ ಮನೆಗೆ ಫರಸಿ ಸಾಗಿಸುವುದು, ಹೊಲದಿಂದ ಮಾರುಕಟ್ಟೆಗೆ ತೊಗರಿ ಚೀಲ ಒಯ್ಯುವುದು, ಸಂತೆಯ ಸಾಮಾನು ಹೊರುವುದು ಇವು ಪಿಕಪ್‌ಗಳ ಪಾಲಿನ ಕೆಲಸ.

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗವು ನಿಜಾಮರ ಆಡಳಿತದಲ್ಲಿ 1874ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್ ಮತ್ತು ಸೇಡಂ ನಿಲ್ದಾಣಗಳು ಈ ಮಾರ್ಗದಲ್ಲಿವೆ. ಶಹಾಬಾದ ಮುಂಬೈ–ಚೆನ್ನೈ ಮಾರ್ಗದಲ್ಲಿದೆ. ಚಿಂಚೋಳಿಗೆ ರೈಲಿಲ್ಲ. ಗುಡ್ಡ, ಕಾಡು ಮತ್ತು ಕಪ್ಪು ಮಣ್ಣಿನ ಹೊಲಗಳ ನಡುವಿನ ಆ ತಾಲ್ಲೂಕಿನಲ್ಲಿ ಸರಕೆಲ್ಲ ರಸ್ತೆಯನ್ನೇ ನಂಬಿದೆ. ಹೀಗಾಗಿ ಏರು ರಸ್ತೆಗೆ ಒಗ್ಗುವ, ಕೆಸರಿನಲ್ಲಿ ಎಳೆಯಬಲ್ಲ ಜೀಪು ಮಾದರಿಯ ವಾಹನಗಳ ಉಪಯುಕ್ತತೆ ಅಲ್ಲಿ ಹೆಚ್ಚು. ವಾಡಿ–ಶಹಾಬಾದಗಳ ಸಮತಟ್ಟಿನಲ್ಲಿ ಅದೇ ಗುಣಕ್ಕೆ ಹಣ ತೆರುವುದರಲ್ಲಿ ಅರ್ಥವಿಲ್ಲ.

ಹವೆಯೂ ಬೆಲೆಯಲ್ಲಿ ಪಾಲು ಪಡೆಯುತ್ತದೆ. ಒಣ ಹವೆಯ ಈ ಭಾಗದಲ್ಲಿ ಕರಾವಳಿಯಷ್ಟು ತುಕ್ಕು ಹಿಡಿಯುವುದಿಲ್ಲ. ಆದರೆ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ರಬ್ಬರಿನ ಭಾಗಗಳು, ಹೋಸ್‌ಗಳು ಮತ್ತು ಟೈರುಗಳು ಬೇಗ ಬಿರಿಯುತ್ತವೆ. ಸುಣ್ಣಕಲ್ಲಿನ ಧೂಳು ಏರ್ ಫಿಲ್ಟರನ್ನು ಮುಚ್ಚುತ್ತದೆ. ಫಿಲ್ಟರ್ ಬದಲಿಸದೆ ಓಡಿಸಿದ ಇಂಜಿನ್ನಿನ ಪಿಸ್ಟನ್ ರಿಂಗುಗಳು ಮತ್ತು ಬೋರು ಅವಧಿಗೆ ಮುನ್ನವೇ ಸವೆಯುತ್ತವೆ. ಕರಾವಳಿಯಿಂದ ತಂದ ವಾಹನದ ತಳವನ್ನೂ, ಇಲ್ಲಿಯೇ ದುಡಿದ ವಾಹನದ ಇಂಜಿನ್ನನ್ನೂ ಹೆಚ್ಚು ಅನುಮಾನದಿಂದ ನೋಡಬೇಕಾದ ಕಾರಣ ಇದು.

ಬಳಕೆಯಲ್ಲಿರುವ ಮಾದರಿಗಳು

1945ರಲ್ಲಿ ಸ್ಥಾಪನೆಯಾದ ಮಹೀಂದ್ರಾ ಸಂಸ್ಥೆಯು 1947ರಿಂದ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಆರಂಭದ ಜೀಪುಗಳಲ್ಲಿದ್ದುದು ಪೆಟ್ರೋಲ್ ಇಂಜಿನ್. ಇಂಧನದ ಖರ್ಚು ತಾಳಲಾರದೆ ಅನೇಕ ಮಾಲೀಕರು ಮುಂದೆ ಅವುಗಳಿಗೆ ಡೀಸೆಲ್ ಇಂಜಿನ್ ಕೂರಿಸಿದರು. ಸಂಸ್ಥೆಯೂ ಪ್ಯೂಜೊ ವಿನ್ಯಾಸದ ಡೀಸೆಲ್ ಇಂಜಿನ್ನುಗಳ ಜೀಪುಗಳನ್ನು ತಯಾರಿಸಿತು. ಬಜಾಜ್ ಟೆಂಪೋ ಸಂಸ್ಥೆಯ ಮ್ಯಾಟಡಾರ್ ಒಂದು ಕಾಲದಲ್ಲಿ ಎಷ್ಟು ವ್ಯಾಪಕವಾಗಿತ್ತೆಂದರೆ, ಹಲವು ಊರುಗಳಲ್ಲಿ ಸಣ್ಣ ಸರಕು ವಾಹನಕ್ಕೆ ಅದೇ ಸಾಮಾನ್ಯ ಹೆಸರಾಯಿತು. ಟಾಟಾ 407 ಬಂದದ್ದು 1986ರಲ್ಲಿ. ನಿಜವಾದ ಅರ್ಥದ ಪಿಕಪ್ ಆದ ಟಾಟಾಮೊಬೈಲ್ 206 ಬಂದದ್ದು 1988ರಲ್ಲಿ. 207 ಅದರ ಮುಂದುವರಿಕೆ.

2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಮೇಲೆ ಲೆಕ್ಕ ಬದಲಾಯಿತು. ಅಲ್ಪ ಮುಂಗಡ ಕಟ್ಟಿ, ಉಳಿದುದಕ್ಕೆ ಸಾಲ ಪಡೆದು ಹೊಸ ವಾಹನವನ್ನೇ ಕೊಳ್ಳುವುದು ಸಾಧ್ಯವಾಯಿತು. ಹಳೆಯ ವಾಹನಗಳಿಗೆ ಈ ಅನುಕೂಲ ಕಡಿಮೆ. 1979ರಲ್ಲಿ ಆರಂಭವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಬಳಸಿದ ವಾಣಿಜ್ಯ ವಾಹನಗಳಿಗೆ ಸಾಲ ಕೊಡುವುದನ್ನೇ ದೊಡ್ಡ ವ್ಯವಹಾರವಾಗಿ ಬೆಳೆಸಿತಾದರೂ, ವಾಹನದ ವಯಸ್ಸು ಏರಿದಂತೆ ಸಾಲ ದುರ್ಲಭವಾಗುತ್ತದೆ. ಕೈಯಲ್ಲಿ ರೊಕ್ಕ ಇದ್ದವನು ಮಾತ್ರ ಕೊಳ್ಳಬಲ್ಲ ವಸ್ತುವಿಗೆ ಗಿರಾಕಿಗಳು ಕಡಿಮೆ. ಬೆಲೆಯನ್ನು ತಗ್ಗಿಸುವ ಮೊದಲ ಕಾರಣವೇ ಇದು.

ಬಿಡಿಭಾಗಗಳ ಲಭ್ಯತೆ ಎರಡನೆಯದು. ಟಾಟಾ 407ರ ಹೊಸ ಆವೃತ್ತಿಗಳು ಇಂದಿಗೂ ತಯಾರಾಗುತ್ತಿರುವುದರಿಂದ ಅದರ ಸಾಮಾನು ಸಿಗುವುದು ಕಷ್ಟವಲ್ಲ. ತಯಾರಿಕೆ ನಿಂತ ಮಾದರಿಗಳಿಗೆ ಗುಜರಿ ಅಂಗಡಿ ಅಥವಾ ಲೇತ್ ಯಂತ್ರದ ಮೇಸ್ತ್ರಿಯೇ ಗತಿ. ಒಂದು ಸಣ್ಣ ಗೇರಿಗಾಗಿ ವಾಹನ ಹದಿನೈದು ದಿನ ನಿಂತರೆ, ಆ ಹದಿನೈದು ದಿನಗಳ ಬಾಡಿಗೆಯ ನಷ್ಟವೂ ವಾಹನದ ಬೆಲೆಯಿಂದ ಕಳೆಯಬೇಕಾದ ಮೊತ್ತವೇ ಆಗಿದೆ.

ಒಂದೇ ವಾಹನ, ಹಲವು ಬೆಲೆ

ಒಂದೇ ಪಿಕಪ್‌ಗೆ ಏಕಕಾಲದಲ್ಲಿ ಹಲವು ಬೆಲೆಗಳಿರುತ್ತವೆ; ವಿವಾದಗಳು ಹುಟ್ಟುವುದು ಒಂದನ್ನು ಇನ್ನೊಂದೆಂದು ತಿಳಿಯುವುದರಿಂದ.

ಲೆಕ್ಕಪುಸ್ತಕದ ಬೆಲೆ ಆದಾಯ ತೆರಿಗೆಗೆ ಸಂಬಂಧಿಸಿದ್ದು. ಬಾಡಿಗೆಗೆ ಓಡಿಸುವ ಸರಕು ವಾಹನಕ್ಕೆ ವರ್ಷಕ್ಕೆ ಶೇಕಡ 30ರಂತೆ ಸವಕಳಿಯನ್ನು ಉಳಿದ ಮೌಲ್ಯದ ಮೇಲೆ ಲೆಕ್ಕ ಹಾಕುತ್ತಾರೆ. ಹೀಗೆ ಹತ್ತು ವರ್ಷ ಕಳೆದರೆ ಮೂಲ ಬೆಲೆಯ ಶೇಕಡ 3ಕ್ಕಿಂತ ಕಡಿಮೆ ಉಳಿಯುತ್ತದೆ. ವಾಹನ ಚೆನ್ನಾಗಿ ದುಡಿಯುತ್ತಿದ್ದರೂ ಪುಸ್ತಕದಲ್ಲಿ ಅದು ಇಲ್ಲವಾಗಿರುತ್ತದೆ.

ವಿಮೆಯ ಬೆಲೆಯನ್ನು ಘೋಷಿತ ಮೌಲ್ಯ, ಅಂದರೆ ಐಡಿವಿ ಎನ್ನುತ್ತಾರೆ. ಭಾರತೀಯ ಮೋಟಾರು ದರಪಟ್ಟಿಯ ಪ್ರಕಾರ ಮೊದಲ ಆರು ತಿಂಗಳಿಗೆ ಶೇಕಡ 5ರಿಂದ ಆರಂಭವಾಗುವ ಕಡಿತವು ನಾಲ್ಕರಿಂದ ಐದನೆಯ ವರ್ಷಕ್ಕೆ ಶೇಕಡ 50ನ್ನು ತಲುಪುತ್ತದೆ. ಐದು ವರ್ಷ ದಾಟಿದ ವಾಹನಕ್ಕೆ ಪಟ್ಟಿಯಿಲ್ಲ. ವಿಮಾ ಕಂಪನಿ ಮತ್ತು ಮಾಲೀಕ ಇಬ್ಬರೂ ಒಪ್ಪಿದ ಮೊತ್ತವೇ ಮೌಲ್ಯ. ದುರಸ್ತಿಗೆ ದೊಡ್ಡ ಮೊತ್ತ ಹಾಕಿದ ಮಾಲೀಕನು ರಶೀದಿ ಮತ್ತು ಛಾಯಾಚಿತ್ರಗಳನ್ನು ತೋರಿಸಿ ಈ ಮೊತ್ತವನ್ನು ಮೊದಲೇ ಬರೆಸಿಕೊಳ್ಳದಿದ್ದರೆ, ಕಳವು ಅಥವಾ ಬೆಂಕಿಯ ಸಂದರ್ಭದಲ್ಲಿ ಖರ್ಚು ಮರಳುವುದಿಲ್ಲ. ಕೇವಲ ಮೂರನೆಯ ವ್ಯಕ್ತಿಯ ವಿಮೆ ಹೊಂದಿದವನಿಗೆ ಸ್ವಂತ ವಾಹನದ ನಷ್ಟಕ್ಕೆ ಏನೂ ಸಿಗುವುದಿಲ್ಲ.

ದುಡಿಮೆಯ ಬೆಲೆ ಈ ಪ್ರದೇಶದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಮುಂದಿನ ಎಫ್‌ಸಿ, ಅಂದರೆ ಅರ್ಹತಾ ಪತ್ರದ ಅವಧಿ ಮುಗಿಯುವವರೆಗೆ ವಾಹನ ಎಷ್ಟು ಬಾಡಿಗೆ ತರಬಲ್ಲದು, ಅದರಿಂದ ಡೀಸೆಲ್, ಚಾಲಕನ ಕೂಲಿ, ಟೈರು, ವಿಮೆ, ದುರಸ್ತಿ ಕಳೆದರೆ ಏನು ಉಳಿಯುತ್ತದೆ ಎಂಬುದೇ ಇದರ ತಳಹದಿ. ತೊಗರಿ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ಬಾಡಿಗೆ ಹೆಚ್ಚು. ಮಳೆಗಾಲದಲ್ಲಿ ಕ್ವಾರಿಗಳಲ್ಲಿ ನೀರು ನಿಂತು ಕೆಲಸ ಕುಗ್ಗುತ್ತದೆ. ಸುಗ್ಗಿಯ ಒಂದು ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿ ಹೇಳುವ ಮಾರಾಟಗಾರನ ಲೆಕ್ಕವನ್ನು ಒಪ್ಪಲಾಗದು.

ದುರಸ್ತಿಯ ಖರ್ಚು ಇವುಗಳಲ್ಲಿ ಯಾವುದೂ ಅಲ್ಲ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು: ಒಬ್ಬನು 1,50,000 ರೂಪಾಯಿಗೆ ಕೆಟ್ಟ ಪಿಕಪ್ ಕೊಂಡು, ಇಂಜಿನ್ ಬೋರು, ಬಾಡಿ ಕೆಲಸ, ಬಣ್ಣ ಮತ್ತು ಟೈರಿಗೆ 1,80,000 ರೂಪಾಯಿ ಹಾಕುತ್ತಾನೆ. ಒಟ್ಟು 3,30,000. ಅದೇ ಮಾದರಿಯ, ಅದೇ ವಯಸ್ಸಿನ, ಊರ್ಜಿತ ಎಫ್‌ಸಿ ಇರುವ ಸಾಮಾನ್ಯ ಸ್ಥಿತಿಯ ವಾಹನ ಪಕ್ಕದ ಊರಿನಲ್ಲಿ 2,20,000ಕ್ಕೆ ಸಿಗುತ್ತಿದ್ದರೆ, ಇವನ ವಾಹನಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚು ಬಂದೀತೇ ಹೊರತು 3,30,000 ಬಾರದು. ಹೊಸ ಟೈರು ಮತ್ತು ಇಂಜಿನ್ ಕೆಲಸಕ್ಕೆ ಗಿರಾಕಿ ಒಂದಿಷ್ಟು ಕೊಡುತ್ತಾನೆ, ಏಕೆಂದರೆ ಅವನ ಮುಂದಿನ ಖರ್ಚು ಉಳಿಯುತ್ತದೆ. ಬಣ್ಣಕ್ಕೆ ಅಷ್ಟಾಗಿ ಕೊಡುವುದಿಲ್ಲ. ದುರಸ್ತಿ ಮಾಡಿಸಿದವನೇ ಇನ್ನೂ ಹಲವು ವರ್ಷ ಓಡಿಸುವುದಾದರೆ ಮಾತ್ರ ಆ ಖರ್ಚು ಸಾರ್ಥಕ. ಮಾರಿ ಲಾಭ ಪಡೆಯಲೆಂದು, ಅದರಲ್ಲೂ ಬಡ್ಡಿಗೆ ಸಾಲ ತಂದು ಕೈಹಾಕುವುದು ಅಪಾಯಕರ.

ಅಮೆರಿಕದಲ್ಲಿ 1947–55ರ ಕಾಲದ ಷೆವರ್ಲೆ 3100ರಂತಹ ಹಳೆಯ ಪಿಕಪ್‌ಗಳನ್ನು ಹರಾಜಿನಲ್ಲಿ ದೊಡ್ಡ ಬೆಲೆಗೆ ಕೊಳ್ಳುವವರಿದ್ದಾರೆ. ಅಲ್ಲಿ ವಾಹನದ ಸ್ಥಿತಿಯನ್ನು 1ರಿಂದ 4ರವರೆಗೆ ಶ್ರೇಣೀಕರಿಸುವ ಪದ್ಧತಿಯೂ ಇದೆ. ಆ ಬೆಲೆಗಳನ್ನು ನೋಡಿ ಇಲ್ಲಿನ ವಾಹನಕ್ಕೆ ಅಂದಾಜು ಕಟ್ಟುವುದು ಸರಿಯಲ್ಲ. ಅಲ್ಲಿ ಅದು ನೆನಪಿನ, ಬಿಡುವಿನ ವಸ್ತು. ಅಷ್ಟಾಗಿಯೂ ಪೂರ್ಣ ದುರಸ್ತಿಯ ಖರ್ಚು ಮಾರಾಟದ ಬೆಲೆಯನ್ನು ಮೀರುವುದು ಅಲ್ಲಿಯೂ ಸಾಮಾನ್ಯ.

ಫರಸಿಯ ಭಾರ ಮತ್ತು ಚಾಸಿ

ಈ ಪ್ರದೇಶದ ಹಳೆಯ ಪಿಕಪ್‌ಗಳ ವಿಷಯದಲ್ಲಿ ಬೇರೆಡೆ ಅಷ್ಟಾಗಿ ಕಾಣದ ಒಂದು ತೊಡಕಿದೆ. ಸುಣ್ಣಕಲ್ಲಿನ ಒಂದು ಘನಮೀಟರ್ ಸುಮಾರು 2.7 ಟನ್ ತೂಗುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಂಗುಲ ದಪ್ಪದ ಒಂದು ಫರಸಿಯ ತೂಕ ಸುಮಾರು 25 ಕಿಲೋ. ಅಂದರೆ ಒಂದು ಟನ್ ಹೊರಬಲ್ಲ ಪಿಕಪ್‌ಗೆ ಸುಮಾರು 40 ಕಲ್ಲುಗಳೇ ಪೂರ್ಣ ಭಾರ. ಅಷ್ಟು ಕಲ್ಲುಗಳನ್ನು ಎರಡು ಸಾಲಾಗಿ ಒಟ್ಟಿದರೆ ಎತ್ತರ ಎರಡು ಅಡಿಯನ್ನೂ ಮುಟ್ಟುವುದಿಲ್ಲ. ಹಿಂಭಾಗದ ಬಹುಪಾಲು ಖಾಲಿಯಾಗಿಯೇ ಕಾಣುತ್ತದೆ. ಒಂದು ಟನ್ ತೊಗರಿ ಇದರ ಮೂರು ಪಟ್ಟು ಜಾಗ ಹಿಡಿಯುತ್ತದೆ, ಇಪ್ಪತ್ತು ಚೀಲಗಳನ್ನು ಹೇರುವಷ್ಟರಲ್ಲಿ ವಾಹನ ತುಂಬಿದಂತೆ ಕಾಣುತ್ತದೆ. ಕಣ್ಣಿನ ಅಂದಾಜಿನಲ್ಲಿ ಕಲ್ಲು ಹೇರುವವನು ಅರಿವಿಲ್ಲದೆಯೇ ಇಮ್ಮಡಿ ಭಾರ ಹೇರುವುದು ಸುಲಭ. ಅರಿತೂ ಹೇರುವವರು ಇದ್ದೇ ಇದ್ದಾರೆ.

ಇದರ ಪರಿಣಾಮ ಬಾಡಿಯ ಮೇಲಲ್ಲ, ಚಾಸಿಯ ಮೇಲೆ. ಲೀಫ್ ಸ್ಪ್ರಿಂಗಿನ ಪಟ್ಟಿಗಳು ಚಪ್ಪಟೆಯಾಗುತ್ತವೆ, ಅವುಗಳ ಹ್ಯಾಂಗರುಗಳ ಬಳಿ ಚಾಸಿಯಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ, ಕ್ಯಾಬಿನ್ನಿನ ಹಿಂದೆ ಚಾಸಿ ಬಾಗುತ್ತದೆ. ಪುನರುಜ್ಜೀವನದ ಸಮಯದಲ್ಲಿ ಇವನ್ನು ವೆಲ್ಡಿಂಗ್ ಮಾಡಿ, ತಗಡು ಜೋಡಿಸಿ, ಮೇಲೆ ಕಪ್ಪು ಬಣ್ಣ ಬಳಿದರೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಕೊಳ್ಳುವವನು ಸಮತಟ್ಟಾದ ನೆಲದಲ್ಲಿ ವಾಹನ ನಿಲ್ಲಿಸಿ, ಎರಡೂ ಬದಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದು ನೋಡುವುದು ಒಳ್ಳೆಯದು. ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ಚಾಸಿ ಅಥವಾ ಆಕ್ಸಲ್ ಸ್ಥಾನ ತಪ್ಪಿದೆ ಎಂದರ್ಥ. ಕ್ಯಾಬಿನ್ನಿನ ಬಾಗಿಲಿನ ಸಂದು ಮೇಲೊಂದು ಕೆಳಗೊಂದು ಅಳತೆಯಲ್ಲಿರುವುದು, ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದಿರುವುದು ಇದರ ಇತರ ಗುರುತುಗಳು. ಫರಸಿ ಹೊತ್ತ ವಾಹನಕ್ಕಿಂತ ಹಾಲು, ತರಕಾರಿ ಅಥವಾ ತೊಗರಿ ಹೊತ್ತ ವಾಹನಕ್ಕೆ ಹೆಚ್ಚು ಬೆಲೆ ಕೊಡುವುದರಲ್ಲಿ ತಪ್ಪಿಲ್ಲ.

ದಾಖಲೆಗಳು

ಮೋಟಾರು ವಾಹನ ಕಾಯ್ದೆ, 1988ರ 56ನೆಯ ಕಲಮಿನ ಪ್ರಕಾರ, ಊರ್ಜಿತ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹದಿನೈದು ವರ್ಷ ಮೀರಿದ ವಾಹನಗಳ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ ಹಲವು ಪಟ್ಟು ಏರಿಸಿತು. ಸ್ವಂತ ಬಳಕೆಯ ಜೀಪು ಅಥವಾ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಎಂದು ನಿಗದಿಯಾಯಿತು. ಆದ್ದರಿಂದ ಎಫ್‌ಸಿ ಮುಗಿದ ಪಿಕಪ್‌ನ ಬೆಲೆಯಿಂದ ಶುಲ್ಕ, ಬಾಕಿ ತೆರಿಗೆ, ಹಸಿರು ತೆರಿಗೆ, ವಿಮೆ ಹಾಗೂ ತಪಾಸಣೆಗೆ ಬೇಕಾಗುವ ದುರಸ್ತಿಯ ವೆಚ್ಚವನ್ನು ಕಳೆಯಬೇಕು. ಕಳೆದ ಮೇಲೆ ಉಳಿಯುವುದು ಕೆಲವೊಮ್ಮೆ ಏನೂ ಇಲ್ಲ.

ಈ ಊರುಗಳು ಅಂತರರಾಜ್ಯ ಗಡಿಗೆ ಹತ್ತಿರವಿವೆ. ಸೇಡಂನಿಂದ ರೈಲುಮಾರ್ಗದಲ್ಲಿ ಮುಂದೆ ಸಾಗಿದರೆ ತೆಲಂಗಾಣದ ತಾಂಡೂರು ಸಿಗುತ್ತದೆ. ಅದೂ ಫರಸಿಯ ಊರೇ. ಹೀಗಾಗಿ ಕಲಬುರಗಿಯ ಕೆಎ–32ರ ಜೊತೆಗೆ ಎಪಿ, ಟಿಎಸ್, ಟಿಜಿ ಮತ್ತು ಸೊಲ್ಲಾಪುರದ ಎಂಎಚ್–13 ಸಂಖ್ಯೆಯ ವಾಹನಗಳೂ ಮಾರಾಟಕ್ಕೆ ಬರುವುದುಂಟು. ಹೊರ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ ಅಗತ್ಯ, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ನ್ಯಾಯಾಲಯದ ಆದೇಶಗಳು ನಿರ್ಬಂಧಿಸಿದ ನಂತರ ಅಲ್ಲಿನ ವಾಹನಗಳು ದೇಶದ ಇತರ ಭಾಗಗಳಿಗೆ ಅಗ್ಗವಾಗಿ ಹರಿದು ಬಂದವು. ಅಗ್ಗದ ಬೆಲೆಗೆ ತೆರಿಗೆ ಮತ್ತು ಮರುನೋಂದಣಿಯ ವೆಚ್ಚವನ್ನು ಕೂಡಿಸಿದ ಮೇಲೆಯೇ ಹೋಲಿಕೆ ಮಾಡಬೇಕು.

ಚಾಸಿ ಸಂಖ್ಯೆಯನ್ನು ಆರ್‌ಸಿಯೊಡನೆ ತಾಳೆ ನೋಡುವುದು ಅನಿವಾರ್ಯ. ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವ ಹಳೆಯ ಕ್ರಮ ಈಗಲೂ ಉತ್ತಮ. ಉಜ್ಜಿ ಅಳಿಸಿ ಮತ್ತೆ ಕೊರೆದ ಅಂಕಿಗಳು ಅಚ್ಚಿನಲ್ಲಿ ಬೇಗ ಬಯಲಾಗುತ್ತವೆ. ಹರಿಯಾಣದ ಮಂಡಿ ಡಬ್ವಾಲಿಯಂತಹ ಊರುಗಳಲ್ಲಿ ಹಳೆಯ ಭಾಗಗಳನ್ನು ಕೂಡಿಸಿ ಜೀಪುಗಳನ್ನು ಕಟ್ಟುವ ಉದ್ಯಮವೇ ಇದೆ. ಅಂತಹ ವಾಹನ ನೋಡಲು ಎಷ್ಟೇ ಅಂದವಾಗಿದ್ದರೂ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಿದ್ದರೆ ಅದರ ಕಾನೂನಾತ್ಮಕ ಮೌಲ್ಯ ಶೂನ್ಯ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಕೆ. ಜಯಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಂಜಿನ್ ಬದಲಾವಣೆಗೆ 52ನೆಯ ಕಲಮಿನಡಿ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಬೇಕು. ಪೆಟ್ರೋಲ್ ಎಂದು ಬರೆದಿರುವ ಆರ್‌ಸಿಯ ಜೀಪಿನಲ್ಲಿ ಡೀಸೆಲ್ ಇಂಜಿನ್ ಓಡುತ್ತಿದ್ದರೆ, ಅದನ್ನು ನೋಡಿಯೂ ನೋಡದಂತೆ ಕೊಳ್ಳುವುದು ಮುಂದಿನ ತೊಂದರೆಯನ್ನು ಕೊಂಡಂತೆ.

ಹೆಸರು ಬದಲಾವಣೆ ಮಾರುವವನಿಗೆ ಸಂಬಂಧಿಸಿದ್ದು. ಹಳ್ಳಿಗಳ ವ್ಯವಹಾರದಲ್ಲಿ ಹೆಚ್ಚು ಉಪೇಕ್ಷೆಗೆ ಒಳಗಾಗುವುದೂ ಇದೇ. ಮುದ್ರಾಂಕ ಕಾಗದದ ಮೇಲೆ ಬರೆದುಕೊಟ್ಟು, ರೊಕ್ಕ ಎಣಿಸಿಕೊಂಡು, ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಟ್ಟರೆ ಮುಗಿಯಿತೆಂಬ ಭಾವನೆ ಇದೆ. ವಾಹನ ಒಬ್ಬರಿಂದ ಒಬ್ಬರಿಗೆ ಮೂರು ನಾಲ್ಕು ಕೈ ದಾಟಿದರೂ ಆರ್‌ಸಿಯಲ್ಲಿ ಮೊದಲಿನವನ ಹೆಸರೇ ಉಳಿಯುತ್ತದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಕಾನೂನಿನ ಕಣ್ಣಿನಲ್ಲಿ ಮಾಲೀಕ. ವಾಹನಕ್ಕೆ ವಿಮೆ ಇಲ್ಲದಿದ್ದರೆ, ವರ್ಷಗಳ ಹಿಂದೆ ಮಾರಿದವನೇ ಪರಿಹಾರ ತೆರಬೇಕಾದೀತು. ಪಿಕಪ್‌ಗೆ ಸಿಕ್ಕ ಒಂದೆರಡು ಲಕ್ಷಕ್ಕೆ ಬದಲಾಗಿ ಹೊಲವೇ ಕೈಬಿಡುವ ಸಂದರ್ಭ ಇದರಿಂದ ಒದಗಬಹುದು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಹೊರ ರಾಜ್ಯದವನಿಗೆ ಮಾರಿದರೆ 45 ದಿನಗಳೊಳಗೆ ವರದಿ ಮಾಡಬೇಕು. ಕೊಂಡವನಿಗೆ 30 ದಿನಗಳ ಅವಧಿಯಿದೆ. ಹಳೆಯ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ, ಸಾಲ ಕೊಟ್ಟ ಸಂಸ್ಥೆಯ ಸಹಿಯುಳ್ಳ ನಮೂನೆ 35 ಇಲ್ಲದೆ ಅದು ಅಳಿಯುವುದಿಲ್ಲ.

ಕೂಲಿಕಾರರನ್ನು ಸರಕಿನ ಪಿಕಪ್‌ನಲ್ಲಿ ಕರೆದೊಯ್ಯುವ ರೂಢಿಯೂ ಇಲ್ಲಿ ಗಮನಾರ್ಹ. ಸರಕು ವಾಹನದಲ್ಲಿ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯಲ್ಲದೆ ಸುಮ್ಮನೆ ಪ್ರಯಾಣಿಸುವವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಆಶಾರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ.

‘ವಿಂಟೇಜ್’ ಎಂಬ ಮಾತು

ಮಾರಾಟಗಾರರು ಹಳೆಯ ಜೀಪು ಅಥವಾ ಪಿಕಪ್‌ಗೆ ‘ವಿಂಟೇಜ್’ ಎಂಬ ವಿಶೇಷಣ ಸೇರಿಸಿ ಬೆಲೆ ಏರಿಸುವುದುಂಟು. 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದ, ವಾಣಿಜ್ಯ ಬಳಕೆಯಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಮಾತ್ರ ಈ ವರ್ಗಕ್ಕೆ ಸೇರುತ್ತವೆ. ನೋಂದಣಿ ಶುಲ್ಕ 20,000 ರೂಪಾಯಿ. ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಹೀಗೆ ನೋಂದಣಿಯಾದ ವಾಹನವನ್ನು ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. 1988ರ ಟಾಟಾಮೊಬೈಲ್‌ಗೆ 50 ವರ್ಷ ತುಂಬುವುದು 2038ರಲ್ಲಿ. ಅದೂ ಸರಕು ವಾಹನವಾಗಿ ನೋಂದಣಿಯಾಗಿದ್ದರೆ ಅರ್ಹತೆಯಿಲ್ಲ. ಮೂಲ ಇಂಜಿನ್ ಉಳಿಸಿಕೊಂಡ, ಸ್ವಂತ ಬಳಕೆಗೆ ನೋಂದಣಿಯಾದ, ಆರ್‌ಸಿ ಊರ್ಜಿತವಿರುವ ಹಳೆಯ ವಿಲ್ಲಿಸ್ ಮಾದರಿಯ ಜೀಪಿಗೆ ಮಾತ್ರ ಸಂಗ್ರಾಹಕರು ದುಡಿಮೆಯ ಬೆಲೆಗಿಂತ ಹೆಚ್ಚು ಕೊಡುವ ಸಂಭವವಿದೆ. ವಿಚಿತ್ರವೆಂದರೆ, ಡೀಸೆಲ್ ಇಂಜಿನ್ ಹಾಕಿಸಿದ ದುರಸ್ತಿಯೇ ಆ ಸಂಭವವನ್ನು ಇಲ್ಲವಾಗಿಸುತ್ತದೆ.

ಹಿಂದೆ ಇಂತಹ ಜೀಪುಗಳು ಜನರಿಗೆ ಸಿಗುತ್ತಿದ್ದ ಮುಖ್ಯ ದಾರಿ ಸರ್ಕಾರಿ ಇಲಾಖೆಗಳ ಹರಾಜು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದ್ದು, ಅವು ನೋಂದಾಯಿತ ಗುಜರಿ ಕೇಂದ್ರಗಳಿಗೇ ಹೋಗಬೇಕಾಗಿದೆ.

ಗುಜರಿ ಬೆಲೆ

ಯಾವ ದುರಸ್ತಿಗೂ ಒಗ್ಗದ ವಾಹನದ ಕನಿಷ್ಠ ಬೆಲೆ ಇದು. 2021ರ ವಾಹನ ಗುಜರಿ ನೀತಿಯು ಹೊಸ ವಾಹನದ ಷೋರೂಂ ಬೆಲೆಯ ಸುಮಾರು ಶೇಕಡ 4ರಿಂದ 6ರಷ್ಟನ್ನು ಗುಜರಿ ಮೌಲ್ಯವೆಂದು ಅಂದಾಜಿಸುತ್ತದೆ. ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿದವರಿಗೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ; ಅದನ್ನು ತೋರಿಸಿ ಹೊಸ ವಾಹನ ಕೊಂಡರೆ ಸ್ವಂತ ಬಳಕೆಯ ವಾಹನಕ್ಕೆ ಶೇಕಡ 25ರವರೆಗೆ, ಸಾರಿಗೆ ವಾಹನಕ್ಕೆ ಶೇಕಡ 15ರವರೆಗೆ ರಸ್ತೆ ತೆರಿಗೆಯ ರಿಯಾಯಿತಿ ಕೊಡಲು ಕೇಂದ್ರ ನಿಯಮಗಳಲ್ಲಿ ಅವಕಾಶವಿದೆ. ಊರಿನ ಗುಜರಿ ಅಂಗಡಿಗೆ ಕಬ್ಬಿಣದ ತೂಕದ ಲೆಕ್ಕದಲ್ಲಿ ಕೊಟ್ಟರೆ ರೊಕ್ಕ ಅಲ್ಲಿಯೇ ಕೈಗೆ ಬರುತ್ತದೆ, ಆದರೆ ಈ ಪ್ರಮಾಣಪತ್ರ ಬರುವುದಿಲ್ಲ. ಆರ್‌ಟಿಓ ಕಚೇರಿಯಲ್ಲಿ ನೋಂದಣಿ ರದ್ದಾಗದೆ ತೆರಿಗೆ ಮತ್ತು ದಂಡದ ಬಾಕಿ ಮಾಲೀಕನ ಹೆಸರಿನಲ್ಲಿ ಬೆಳೆಯುತ್ತಲೇ ಇರುವ ಸಾಧ್ಯತೆಯೂ ಇದೆ. ಹಾಗೆ ಬಿಚ್ಚಿದ ವಾಹನದ ಆರ್‌ಸಿ ಮತ್ತು ಸಂಖ್ಯಾಫಲಕ ಬೇರೊಂದು ಜೀಪಿನ ಮೇಲೆ ಕಾಣಿಸಿಕೊಳ್ಳದಂತೆ, ಆರ್‌ಸಿಯನ್ನು ಕಚೇರಿಗೆ ಒಪ್ಪಿಸಿ ರದ್ದತಿಯ ಲಿಖಿತ ಪತ್ರ ಪಡೆಯುವುದು ಮಾಲೀಕನ ಕೊನೆಯ ಕೆಲಸ.